ಅಪ್ಪ ಕೊಟ್ಟದ್ದು

"ಆ ಟ್ರಂಕ ಕೆಳಗ ಇಳಸಲೇ!"

ಸಿಂಧನೂರಿನಲ್ಲಿ ರಾಯಚೂರು ಬಸ್ಸಿನ ಮೇಲೆ ಹತ್ತಿದ್ದ ಹಮಾಲ ಬೆಚ್ಚಿಬಿದ್ದು ಇಳಿಸಿದ. ಕೂಗಿದ್ದು ಶಿವಶರಣಪ್ಪ; ಗೊರೇಬಾಳದಿಂದ ಗಾಡಿ ಓಡಿಸಿಕೊಂಡು ಬಂದಿದ್ದವನಿಗೆ ಏದುಸಿರು. ಕಿಟಕಿಯ ಬಳಿ ಕೂತಿದ್ದ ಅತ್ತಿಗೆ ಕಸ್ತೂರೆಮ್ಮ ಸೆರಗು ಸರಿಮಾಡಿಕೊಂಡು ನಿಧಾನವಾಗಿ ಇಳಿದು ಬಂದಳು.

ಶಿವಶರಣಪ್ಪ ಅಣ್ಣ ಹಾಕಿದ ಗೆರೆ ದಾಟದ ತಮ್ಮ. ಸ್ವಂತ ಬುದ್ಧಿಗೆ ಕೆಲಸ ಕೊಟ್ಟು ಅಭ್ಯಾಸವಿಲ್ಲ. ಹೆಣ್ಣುಮಗಳು ಓದಬಾರದು ಎಂಬುದು ಅಣ್ಣ ಅಮರಗುಂಡಪ್ಪನ ಕಟ್ಟಪ್ಪಣೆ. ಮಗಳು ಕಲ್ಯಾಣಮ್ಮ ಮೆಟ್ರಿಕ್ ಪಾಸಾದ ದಿನವೇ ಅವಳ ಪುಸ್ತಕಗಳನ್ನು ಬಾವಿಗೆ ಎಸೆದಿದ್ದ. ರಜಾಕಾರರ ಗದ್ದಲದ ವರ್ಷ ಆ ಅಣ್ಣ ಜ್ವರ ಬಂದು ಲಿಂಗೈಕ್ಯನಾದ. ನಾಲ್ಕೇ ವರ್ಷಕ್ಕೆ ಈ ಹೆಂಗಸು ಮಗಳನ್ನು ಹೈದರಾಬಾದಿಗೆ ಡಾಕ್ಟರಿಕೆ ಓದಲು ಕಳಿಸಿದ್ದಳು. ಸತ್ತವರ ಮಾತಿಗೆ ಕಿಮ್ಮತ್ತೇ ಇಲ್ಲವೇ?

ಹಾಗಂತ ಗಂಡನ ಮೇಲೆ ಭಕ್ತಿಯಿಲ್ಲದವಳು ಎನ್ನುವಂತೆಯೂ ಇರಲಿಲ್ಲ. ಹೋದ ತಿಂಗಳು ಕಾಲುವೆ ತೋಡುವವರು ಹೊಲದಲ್ಲಿ ಗೂಟ ಹೊಡೆದಾಗ ಅಣ್ಣನ ಸಮಾಧಿ ಸರಿಯಾಗಿ ಕಾಲುವೆಯ ದಾರಿಯಲ್ಲೇ ಬಂತು. ಕಸ್ತೂರೆಮ್ಮ ಮನೆಯ ಆಳು ಗಿಡ್ಡಪ್ಪನನ್ನು ಕರೆದೊಯ್ದು, ತಾನೇ ನಿಂತು ಅಗೆಸಿ, ಮೇಲಿನ ಬದುವಿನಲ್ಲಿ ಹೊಸ ಕಟ್ಟೆ ಕಟ್ಟಿಸಿದಳು. ಊರೇ ಕೊಂಡಾಡಿತು. ಶಿವಶರಣಪ್ಪ ಅಂದಿನಿಂದ ದಿನಾ ಆ ಕಟ್ಟೆಗೆ ಬಿಲ್ವಪತ್ರೆ ಏರಿಸಿ ಅಡ್ಡಬೀಳುತ್ತಿದ್ದ.

ಇಂದು ಬೆಳಿಗ್ಗೆ ಕಲ್ಯಾಣಮ್ಮನ ಹಳೆಯ ಕಾಗದವೊಂದು ಅವನ ಕೈಗೆ ಸಿಕ್ಕಿತ್ತು. 'ಓದಿಗೆ ಬೇಕಾದದ್ದನ್ನು ಉಳಿದವರಿಗೆಲ್ಲ ಅವರ ಅಪ್ಪಂದಿರು ಕೊಡಿಸಿದ್ದಾರೆ. ನನಗೆ ಯಾರು ಕೊಡಬೇಕವ್ವ? ಇಲ್ಲದಿದ್ದರೆ ಪರೀಕ್ಷೆ ಪಾಸಾಗುವುದು ಸುಳ್ಳು.' ಅತ್ತ ಅತ್ತಿಗೆ ಟ್ರಂಕು ಹೊರಿಸಿಕೊಂಡು ಹೊರಟಾಗಿತ್ತು. ಅಣ್ಣನ ಬೆಳ್ಳಿಬಂಗಾರ ಊರು ಬಿಟ್ಟಿತೆಂದುಕೊಂಡು ಅವನು ಗಾಡಿ ಹೂಡಿದ್ದ.

"ಏನ್ ಒಯ್ಯಾಕತ್ತೀರಿ, ಅತ್ತಿಗಿ?"

"ಆಕಿ ಅಪ್ಪಂದು ಆಕಿಗೆ ಒಯ್ಯಾಕತ್ತೀನಿ. ನಿಂದೇನೂ ಮುಟ್ಟಿಲ್ಲ."

"ನಮ್ಮಣ್ಣಂದು ಒಂದು ಗುಲಗಂಜಿನೂ ಆ ಓದಿಗೆ ಹೋಗಬಾರದು!"

"ಹೋಗತೈತಿ." ಕಸ್ತೂರೆಮ್ಮ ಬೀಗದ ಕೈಯನ್ನು ಅವನ ಅಂಗೈಗೆ ಹಾಕಿದಳು. "ತಗದು ನೋಡು. ಆಮ್ಯಾಲ ನನ್ನ ತಡೀಬ್ಯಾಡ."

ಅವಳ ದನಿಯಲ್ಲಿ ಅಂಜಿಕೆಯ ಸುಳಿವೇ ಇರಲಿಲ್ಲ. ಅದಕ್ಕೇ ಅವನಿಗೆ ಇನ್ನಷ್ಟು ಸಿಟ್ಟು ಬಂತು.

ಮುಚ್ಚಳ ಎತ್ತಿದ. ವಿಭೂತಿಯ ವಾಸನೆ. ಮೇಲೆ ಅಣ್ಣನ ಧೋತರ, ನೀಟಾಗಿ ಮಡಚಿದ್ದು. ಅದನ್ನು ಸರಿಸಿದವನು ಕೈ ಸುಟ್ಟವನಂತೆ ಹಿಂದಕ್ಕೆ ಹಾರಿದ.

ಎಲುಬುಗಳು. ತಿಕ್ಕಿ ತೊಳೆದು, ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿಟ್ಟ ಮನುಷ್ಯನ ಎಲುಬುಗಳು.

"ಡಾಕ್ಟರಿಕಿ ಕಲಿಯೋರು ಮೊದಲ ಇವನ್ನ ಓದಬೇಕಂತ," ಎಂದಳು ಕಸ್ತೂರೆಮ್ಮ, ಮುಚ್ಚಳ ಹಾಕುತ್ತ. "ಮಗಳು ಓದಬಾರದು ಅಂದಿದ್ರು ನಿಮ್ಮಣ್ಣ. ಈಗ ಅವರೇ ಓದಸ್ತಾರ."