ತೂಕ ತೆಗೆಯುವ ಭಾನುವಾರ

ಎಂದಿನಂತೆ ಭಾನುವಾರ ಒಂಬತ್ತಕ್ಕೆ ನಮ್ಮ ಬಡಾವಣೆಯಲ್ಲಿ ಕರೆಂಟ್ ತೆಗೆಯುವ ಹಾಗೆ ಒಂದು ಗಂಟೆ ಎಲ್ಲದರ ತೂಕ ತೆಗೆದರು. ಹಗ್ಗ ಕಟ್ಟಿದ್ದ ಹಳೇ ಕಾರು ಮೆಲ್ಲಗೆ ಮೇಲೆದ್ದಿತು. ನಾನು ಅದರಡಿಗೆ ತೂರಿ, ಕುಲುಕಾಟ ತಡೆಯುವ ಸಸ್ಪೆನ್ಷನ್ನಿನ ಸವೆದ ರಬ್ಬರ್ ಬುಷ್‌ಗಳನ್ನು ಕಿತ್ತು ಹೊಸವನ್ನು ಕೂರಿಸಿದೆ.

“ಬೋಲ್ಟ್ ಬಿಗಿ ಮಾಡ್ಬಿಡೇ, ಹೊರಡೋಣ,” ಮನೆಯ ಕಿಟಕಿ ಸರಳು ಹಿಡಿದು ತೇಲುತ್ತಿದ್ದ ಅತ್ತೆ ಅವಸರಿಸಿದರು. ಕಾರಿನ ಕುಲುಕಾಟಕ್ಕೆ ಸೊಂಟ ಹಿಡಿದು, ಎಂಟು ತಿಂಗಳಿಂದ ಅವರು ತಂಗಿಯ ಮನೆಗೆ ಹೋಗಿರಲಿಲ್ಲ.

“ಹೋದ್ಸಲ ಹೀಗೇ ತೇಲ್ತಿರುವಾಗ ಬಿಗಿ ಮಾಡಿದ್ದಕ್ಕೇ, ತೂಕ ಬಂದಾಗ ಬುಷ್ ತಿರುಚಿ ಹರಿದಿದ್ದು. ಇರಿ ಅತ್ತೆ, ಕಾರು ನೆಲಕ್ಕೆ ಕೂರ್ಲಿ.”

ಹತ್ತಕ್ಕೆ ತೂಕ ಬಂತು. ಕಾರು ಚಕ್ರಗಳ ಮೇಲೆ ಕೂತಿತು. ಆಮೇಲೆ ಮತ್ತೆ ಅದರಡಿಗೆ ತೂರಿ ಬೋಲ್ಟ್ ಬಿಗಿ ಮಾಡಿದೆ.

ದಾರಿಯಲ್ಲಿ ಅತ್ತೆ ಕಣ್ಣು ಮುಚ್ಚಿ, ಸೀಟನ್ನು ಗಟ್ಟಿಯಾಗಿ ಹಿಡಿದಿದ್ದರು.

“ಹಂಪ್ ಬಂತೇನೇ?”

“ಆಗ್ಲೇ ಮೂರು ದಾಟಿದ್ವಿ.”

ಅತ್ತೆ ಕಣ್ಣು ಬಿಟ್ಟರು. “ಮತ್ಯಾಕೆ ಎತ್ತಿನಗಾಡಿ ಥರ ಓಡಿಸ್ತಿದ್ದೀಯ? ಆಕ್ಸಿಲರೇಟರ್ ಒತ್ತೇ!”