ನಾಡಿ ಸಿಗದ ಎಮ್ಮೆ

ದನದ ಕಿವಿಗೆ ಹಾಕಿದ ಬಿಲ್ಲೆಗೆ ನಾಡಿ ಸಿಗದಿದ್ದರೆ ಸಾಕು, ಸತ್ತ ದನವನ್ನು ಒಯ್ದು ಸುಡುವ ಗಾಡಿ ತಾನಾಗಿಯೇ ಮನೆಬಾಗಿಲಿಗೆ ಬರುತ್ತಿತ್ತು. ಅಂಗಲಾಚೋಣವೆಂದರೆ ಅದಕ್ಕೆ ಚಾಲಕನೇ ಇಲ್ಲ. ದನಗಳಿಗೆ ದೊಡ್ಡ ರೋಗ ಬಂದುಹೋದ ಮೇಲೆ ಊರೂರಿಗೂ ಇದೇ ರೂಢಿ.

ಕಾಶವ್ವನ ಎಮ್ಮೆ ನಿನ್ನೆ ಈದು, ಇಂದು ಬೆಳಿಗ್ಗೆ ಹಾಲುಜ್ವರದಿಂದ ಮಲಗಿಬಿಟ್ಟಿತ್ತು. ಹೆಸರಿಗೆ ಜ್ವರವಾದರೂ ಮೈಯೆಲ್ಲ ತಣ್ಣಗಾಗಿ, ಬಿಲ್ಲೆಗೆ ನಾಡಿಯೇ ಸಿಗದಂತಾಗಿತ್ತು. ಮೈದುನ ಭರಮಪ್ಪ ಅದರ ಕುತ್ತಿಗೆಯ ನರಕ್ಕೆ ಸೂಜಿ ಚುಚ್ಚಿ, ಕ್ಯಾಲ್ಸಿಯಂ ಬಾಟಲಿಯನ್ನು ಎತ್ತಿ ಹಿಡಿದಿದ್ದ. ಔಷಧಿ ಅರ್ಧ ಇಳಿಯುವಷ್ಟರಲ್ಲಿ ಗಾಡಿ ಅಂಗಳಕ್ಕೆ ಬಂದು ಕಬ್ಬಿಣದ ತೋಳು ಚಾಚಿತು.

"ವೈನಿ, ಸರೀರಿ! ನಿಮ್ಮನ್ನೂ ಎತ್ಕೊಂಡು ಹೋಗತೈತಿ!"

"ಇದಕ್ಕ ಇನ್ನೂ ಜೀವ ಐತೋ! ನೀ ಬಾಟ್ಲಿ ಇಳಸಬ್ಯಾಡ," ಎಂದು ಕಾಶವ್ವ ಎಮ್ಮೆಯ ಕೊರಳು ತಬ್ಬಿ ಮಲಗಿದಳು.

ತೋಳು ಅವಳನ್ನೂ ಎಮ್ಮೆಯನ್ನೂ ಸೇರಿಸಿ ಬಿಗಿಯಿತು. ಅವಳಿಗೆ ಉಸಿರೇ ಕಟ್ಟಿತು. ಅಷ್ಟರಲ್ಲಿ ಎಮ್ಮೆಯ ಮೈ ಗಡಗಡ ನಡುಗಿತು, ದೊಡ್ಡದೊಂದು ತೇಗು ಬಂತು, ನಾಡಿ ಸಿಕ್ಕಿ ಬಿಲ್ಲೆ ಹಸಿರಾಗಿ ಮಿನುಗಿತು. ತೋಳು ಸಡಿಲಾಯಿತು. ಗಾಡಿ ಹಿಂದೆ ಸರಿದು ಬಂದ ದಾರಿ ಹಿಡಿಯಿತು.

ಸ್ವಲ್ಪ ಹೊತ್ತಿಗೆ ಎಮ್ಮೆ ತಡವರಿಸುತ್ತಾ ಎದ್ದು ನಿಂತಿತು.

"ಎದ್ದೇಬಿಡ್ತಲ್ಲ ವೈನಿ, ಇನ್ಯಾಕ ಅಳತೀರಿ?"

"ಅದರ ಕಾಲು ನನ್ನ ಕೈಮ್ಯಾಲ ಐತೋ, ಮೊದಲ ಸರಸು!" ಎಂದು ಕಾಶವ್ವ ಅಳುತ್ತಲೇ ನಕ್ಕಳು.