ಸುಣ್ಣ ಎಂದು ಬರೆದ ಹುಡುಗಿ

“ಕೀ ಉತ್ತರಾನೇ ತಪ್ಪು ಮೇಡಂ,” ಎಂದು ತಕರಾರು ಹೊತ್ತು ಬಂದು ಎದುರು ಕೂತಿದ್ದ ಮುಕುಂದಯ್ಯ ಮತ್ತೆ ಹೇಳಿದಾಗ ದೀಪಶ್ರೀ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದಳು.

ತಪ್ಪು ಎನ್ನುವುದು ಅವಳಿಗೂ ಗೊತ್ತಿತ್ತು. ಸಿಟ್ಟು ಬಂದದ್ದೇ ಅದಕ್ಕೆ.

ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕುಗಳ ಹೈಸ್ಕೂಲು ಮಕ್ಕಳಿಗೆ ರಸಾಯನಶಾಸ್ತ್ರದ ಕ್ವಿಜ್ ನಡೆಸುವ ಹೊಣೆ ಈ ಸಲ ಹೊಸನಗರದ ಶಾಲೆಗೆ ಬಂದು, ಅಲ್ಲಿಂದ ಸೀದಾ ವಿಜ್ಞಾನದ ಟೀಚರ್ ದೀಪಶ್ರೀಯ ತಲೆಯ ಮೇಲೆ ಕೂತಿತ್ತು. ಗೆದ್ದವರಿಗೆ ಒಂದು ಟ್ರಸ್ಟಿನವರು ಪಿಯುಸಿ ಓದಿಸುತ್ತಾರೆ, ಹಾಸ್ಟೆಲ್ ಸಮೇತ ಪುಕ್ಕಟೆ. ಹೆಸರು ಇವತ್ತು ಸಂಜೆಯೊಳಗೆ ಹೋಗಬೇಕು. ತೀರ್ಥಹಳ್ಳಿಯ ಕಿರಣ್ ಮೊದಲು. ತಾಳಗುಪ್ಪದ ಆಶಾ ಒಂದೇ ಅಂಕದಿಂದ ಹಿಂದೆ. ಕಿರಣನಿಗೆ ಇದಲ್ಲದಿದ್ದರೆ ಇನ್ನೊಂದು ಕಾಲೇಜು. ಆಶಾಳಿಗೆ ಇದು ತಪ್ಪಿದರೆ ಓದು ಹತ್ತಕ್ಕೇ ಮುಗಿಯಿತು. ಅವಳ ಅಮ್ಮ ಆಗಲೇ ಸಾಗರದ ಬಟ್ಟೆ ಅಂಗಡಿಯಲ್ಲಿ ಮಗಳ ಕೆಲಸಕ್ಕೆ ಮಾತಾಡಿಟ್ಟಿದ್ದಳು. ಹುಡುಗಿ ಹೊರಗೆ ಜಗಲಿಯ ಮೇಲೆ ಕೂತು ಫಲಿತಾಂಶದ ಬೋರ್ಡನ್ನೇ ನೋಡುತ್ತಿದ್ದಳು.

ಜಗಳ ಎರಡು ಪ್ರಶ್ನೆಗಳದ್ದು. ಮೈಲುತುತ್ತ, ಸುಣ್ಣ ಬೆರೆಸಿ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಕತ್ತಿ ಅದ್ದಿದಾಗ ಅಲಗು ಕೆಂಪಾದರೆ ಇನ್ನೂ ಏನು ಸೇರಿಸಬೇಕು? ಆಶಾ ಸುಣ್ಣ ಎಂದಿದ್ದಳು. ಕೀ ಉತ್ತರ ಮೈಲುತುತ್ತ ಎನ್ನುತ್ತಿತ್ತು. ಅರಿಶಿನದ ನೀರಿಗೆ ಸುಣ್ಣ ಕದಡಿದರೆ ಯಾವ ಬಣ್ಣ? ಆಶಾ ಕೆಂಪು ಎಂದಿದ್ದಳು. ಕೀ ಪ್ರಕಾರ ನೀಲಿ! ಮದುವೆ ಮನೆಯಲ್ಲಿ ಆರತಿ ತಟ್ಟೆಗೆ ನೀರು ಕದಡಿದ ಯಾರನ್ನು ಕೇಳಿದರೂ ಬಿದ್ದು ಬಿದ್ದು ನಗುತ್ತಾರೆ. ಕಿರಣ್ ಎರಡಕ್ಕೂ ಕಣ್ಣು ಮುಚ್ಚಿ ಗುರುತು ಹಾಕಿದ್ದ. ಎರಡಕ್ಕೂ ಅಂಕ ಬಂದಿತ್ತು.

“ಪ್ರಶ್ನೆ ತೆಗೆದವರಿಗೆ ಉತ್ತರ ಗೊತ್ತಿಲ್ಲ ಅಂತಲ್ಲ ಮೇಡಂ,” ಎಂದರು ಮುಕುಂದಯ್ಯ. “ಕೊನೇ ಗಳಿಗೇಲಿ ಆಯ್ಕೆಗಳನ್ನ ಹಿಂದೆಮುಂದೆ ಮಾಡಿದಾರೆ. ‘ಆ’ದಲ್ಲಿದ್ದ ಸುಣ್ಣ ‘ಈ’ಗೆ ಹೋಗಿದೆ. ಕೀ ತಿದ್ದೋದು ಮರ್ತುಹೋಗಿದೆ.”

ಅವರ ಕೈಯಲ್ಲಿ ಪ್ರಶ್ನೆಪತ್ರಿಕೆ ಇರಲಿಲ್ಲ. ಬಾಯಿಪಾಠ ಮಾಡಿಕೊಂಡೇ ಜಗಳಕ್ಕೆ ಬಂದಿದ್ದಾರೆ ಎಂದುಕೊಂಡಳು ದೀಪಶ್ರೀ.

“ನೀವು ಆಶಾಳ ತಂದೆಯಾ? ತಕರಾರು ಮಕ್ಕಳ ಕಡೆಯವರೇ ತರಬೇಕು. ಬೇರೆ ಯಾರು ಹೇಳಿದ್ರೂ ನಾನು ತಗೊಳ್ಳೋ ಹಾಗಿಲ್ಲ.”

“ಗೊತ್ತು. ಅದಕ್ಕೇ ಬಂದೆ. ಅವಳ ಕಡೆಯವನೇ ನಾನು.”

ಮೂಲೆಯ ಕುರ್ಚಿಯಲ್ಲಿ ಚಹಾ ಹೀರುತ್ತಿದ್ದ ಧರ್ಮಪ್ಪ ಲೋಟ ಕೆಳಗಿಟ್ಟರು. ಅವರು ಕಿರಣನ ಶಾಲೆಯ ಹೆಡ್‌ಮಾಸ್ಟರು; ಹುಡುಗನ ಹೆಸರು ಹೋಗುವುದನ್ನು ಕಣ್ಣಾರೆ ನೋಡದೆ ಏಳುವವರಲ್ಲ.

“ಎಂತ ಮಾರಾಯ್ರೆ ನಿಮ್ಮದು? ಕತ್ತಿ ಕೆಂಪಾದ್ರೆ ನಮ್ಮ ತೋಟದಲ್ಲೂ ಸುಣ್ಣವೇ ಹಾಕ್ತೀವಿ. ತೋಟದ ಮಾತು ತೋಟಕ್ಕೆ. ಕ್ವಿಜ್‌ನಲ್ಲಿ ಕೀ ಹೇಳಿದ್ದೇ ಸರಿ.”

ದೀಪಶ್ರೀಗೆ ಅಳು ಬರುವಂತಾಯಿತು. ಸರಿಯುತ್ತರ ಬರೆದ ಹುಡುಗಿ ಹೊರಗೆ, ಸರಿ ಯಾವುದೆಂದು ಬಲ್ಲ ಮೂವರು ಒಳಗೆ. ಆದರೂ ಯಾರ ಕೈಯಲ್ಲೂ ಏನೂ ಇಲ್ಲ.

“ಪ್ರಶ್ನೆ ತೆಗೆದವರನ್ನೇ ಕೇಳಿ,” ಎಂದರು ಮುಕುಂದಯ್ಯ. “ಅವರು ತಪ್ಪು ಒಪ್ಕೊಂಡ್ರೆ?”

“ಒಪ್ಕೊಂಡ್ರೆ ಮುಗೀತು, ಅವರ ಮಾತೇ ಕೊನೆ. ಆದ್ರೆ ಅವರು ಯಾರಂತ ನಮಗೂ ಗೊತ್ತಿಲ್ಲ. ಹೊರಗಿನ ತಾಲ್ಲೂಕಿನವರು, ಅಷ್ಟೇ.”

“ಗೊತ್ತಾಗಲೂಬಾರದು,” ಎಂದರು ಧರ್ಮಪ್ಪ. “ಪ್ರಶ್ನೆ ತೆಗೆದವರು ಒಂದು ಮಗುವಿನ ಕಡೆ ಸೇರಿದ್ರು ಅಂತಾದ್ರೆ ಆ ಮಗುವಿನ ಹೆಸರನ್ನೇ ಹೊಡೆದುಹಾಕ್ತಾರೆ. ಆಮೇಲೆ ಯಾರು ಬಂದು ಅತ್ತರೂ ಅಷ್ಟೇ.”

ಮುಕುಂದಯ್ಯ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. “ಅವರನ್ನ ಕೇಳೋ ಅಧಿಕಾರ ನಿಮಗೊಬ್ಬರಿಗೇ ಇರೋದು ಮೇಡಂ. ದಯವಿಟ್ಟು ಕೇಳಿ. ಆ ಹುಡುಗಿ ಮುಖ ನೋಡೋಕಾಗ್ತಿಲ್ಲ.”

ಸ್ವಂತದವಳನ್ನು ‘ಆ ಹುಡುಗಿ’ ಎನ್ನುತ್ತಾರಲ್ಲ, ಟ್ಯೂಷನ್ ಮೇಷ್ಟ್ರಿರಬೇಕು ಎಂದುಕೊಳ್ಳುತ್ತಲೇ ದೀಪಶ್ರೀ ಜಿಲ್ಲಾ ಕಚೇರಿಗೆ ಫೋನ್ ಹಚ್ಚಿದಳು. ಅಲ್ಲಿ ಒಬ್ಬರು ಇನ್ನೊಬ್ಬರಿಗೆ ಕೊಟ್ಟರು, ಅವರು ಮತ್ತೊಬ್ಬರಿಗೆ. ಬೈಸಿಕೊಂಡಳು, ಬೇಡಿಕೊಂಡಳು. ಕೊನೆಗೆ ಸಾಹೇಬರು ಸೋತು, ಹೆಸರು ಕೇಳಬಾರದೆಂಬ ಕಟ್ಟಪ್ಪಣೆಯೊಂದಿಗೆ ನಂಬರನ್ನಷ್ಟೇ ಕೊಟ್ಟರು.

“ಸಿಕ್ತಾ?” ಮುಕುಂದಯ್ಯನವರ ಮುಖ ಅರಳಿತು. ತಟ್ಟನೆ ಎದ್ದು ನಿಂತರು. “ಹಾಗಾದ್ರೆ ನಾನು ಬರ್ತೀನಿ. ನಾನು ಹೋದ ಮೇಲೆ ಫೋನ್ ಮಾಡಿ ಮೇಡಂ. ಬಸ್ಸಿದೆ, ಶಿಕಾರಿಪುರದ್ದು.”

“ತಾಳಗುಪ್ಪದ ಕಡೆಯವರಿಗೆ ಶಿಕಾರಿಪುರದ ಬಸ್ಸು ಎಂತಕ್ಕೆ?” ಧರ್ಮಪ್ಪ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತರು. “ಇಷ್ಟೊತ್ತು ಹಾರಾಡಿ, ಈಗ ಉತ್ತರ ಕೇಳೋಕೆ ಹೆದರಿಕೆಯಾ? ಕೂತ್ಕೊಳ್ಳಿ. ಕೇಳಿಕೊಂಡೇ ಹೋಗಿ.”

“ಐದು ನಿಮಿಷ ತಡೀರಿ ಮೇಡಂ. ಹೊರಗಾದ್ರೂ ಹೋಗ್ತೀನಿ.” ಅವರು ಧರ್ಮಪ್ಪನವರ ಪಕ್ಕದಿಂದ ನುಸುಳಲು ನೋಡಿದರು.

ದೀಪಶ್ರೀಗೆ ಅಯ್ಯೋ ಅನ್ನಿಸಿತು. ಪಾಪ, ಮೈಲುತುತ್ತವೇ ಸರಿ ಅಂದುಬಿಟ್ಟರೆ ಎಂಬ ಭಯವಿರಬೇಕು. ಸುಣ್ಣ ಅಂತ ಒಂದು ಮಾತು ಹೇಳಲಿ ದೇವರೇ ಎಂದುಕೊಂಡು ನಂಬರ್ ಒತ್ತಿದಳು. ಆಶಾ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಅವಳಿಗೂ ಕೇಳಲೆಂದು ದೀಪಶ್ರೀ ಸ್ಪೀಕರ್ ಹಾಕಿದಳು.

ಮುಕುಂದಯ್ಯನವರ ಅಂಗಿಯ ಜೇಬಿನಲ್ಲಿ ಫೋನು ರಿಂಗಾಯಿತು.